ತರ್ಕದಿಂದ ದೇವರನ್ನು ಸಾಧಿಸಬಹುದೇ?
(ಶಾಸ್ತ್ರಯೋನಿತ್ವಾಧಿಕರಣದ ಒಂದು ಅನುಸಂಧಾನ)

ಕಳೆದ ಮಧ್ವನವಮಿಯಂದು ಪ್ರವಚನವು ಮುಗಿದು, ತೀರ್ಥಪ್ರಸಾದಗಳಾಗಿ, ಜನರು ಚದುರಿದ ತರುವಾಯ, ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವ ನನ್ನ ಸೋದರಳಿಯನು ಜಗಲಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತು ಕೇಳಿದನು: “ಮಾಮ, ಗಡಿಯಾರವಿದ್ದ ಮೇಲೆ ಅದನ್ನು ಮಾಡಿದವನೊಬ್ಬನಿರಬೇಕು, ಹಾಗೆಯೇ ಜಗತ್ತಿದ್ದ ಮೇಲೆ ಅದನ್ನು ಮಾಡಿದವನೊಬ್ಬನಿರಬೇಕು ಎಂದು ಇವತ್ತು ಪ್ರವಚನದಲ್ಲಿ ಹೇಳಿದರಲ್ಲ. ಅದನ್ನೇ ನಾನು ಹಾಸ್ಟೆಲಿನಲ್ಲಿ ಹೇಳಿದರೆ ಐದು ನಿಮಿಷವೂ ನಿಲ್ಲುವುದಿಲ್ಲ. ದೇವರಿದ್ದಾನೆ ಎನ್ನುವುದಕ್ಕೆ ನಮ್ಮಲ್ಲಿರುವುದು ಇಷ್ಟೆಯೇ?”

ಪ್ರಶ್ನೆಯು ನನಗೆ ಹೊಸದಾಗಿರಲಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ, ಪಾಠಶಾಲೆಯ ಓದನ್ನು ಮುಗಿಸಿ ಬಿ.ಎ. ತರಗತಿಗೆ ಸೇರಿದ್ದಾಗ, ನನ್ನ ಕೊಠಡಿಯಲ್ಲಿಯೇ ಇದ್ದ ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬನಿಗೆ ನಾನು ಬಹಳ ಉತ್ಸಾಹದಿಂದ ಮಡಕೆ ಮತ್ತು ಕುಂಬಾರನ ದೃಷ್ಟಾಂತವನ್ನು ಹೇಳಿದ್ದೆನು. ಅವನು ಶಾಂತವಾಗಿ ಕೇಳಿ, “ಕುಂಬಾರನಿಗೆ ಕೈಕಾಲುಗಳಿವೆ, ತಂದೆತಾಯಿಗಳಿದ್ದಾರೆ, ಮಣ್ಣನ್ನು ಕೆರೆಯಂಗಳದಿಂದ ತರುತ್ತಾನೆ, ಒಂದು ದಿನ ಸಾಯುತ್ತಾನೆ. ನಿನ್ನ ದೇವರೂ ಹಾಗೆಯೇನು?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಆ ಬಳಿಕ ಕೆಲವು ತಿಂಗಳುಗಳ ಕಾಲ, ಸಂಧ್ಯಾವಂದನೆಗೆ ಕುಳಿತರೆ ಬೆರಳುಗಳು ಜಪವನ್ನು ಎಣಿಸುತ್ತಿದ್ದವು. ಮನಸ್ಸು ಮಾತ್ರ ಆ ಕುಂಬಾರನ ಬಳಿಗೇ ಹೋಗುತ್ತಿತ್ತು. ರಜೆಯಲ್ಲಿ ಊರಿಗೆ ಹೋದಾಗ ಅಂಜುತ್ತಲೇ ಇದನ್ನು ತೀರ್ಥರೂಪರಲ್ಲಿ ನಿವೇದಿಸಿದೆನು. ಅವರು ದೇವರಿಗೆ ಗಂಧ ತೇಯುತ್ತಿದ್ದರು. ಕೈಯನ್ನು ನಿಲ್ಲಿಸದೆ, “ಆ ಹುಡುಗ ಹೇಳಿದ್ದು ಸರಿಯಾಗಿಯೇ ಇದೆಯಲ್ಲೋ. ಆ ಅನುಮಾನ ನಿಲ್ಲುವುದಿಲ್ಲ ಎಂದು ನಮ್ಮ ಆಚಾರ್ಯರೇ ಹೇಳಿದ್ದಾರೆ. ಶಾಸ್ತ್ರಯೋನಿತ್ವಾಧಿಕರಣವನ್ನು ನೀನು ಬಾಯಿಪಾಠ ಮಾಡಿದೆ, ಓದಲಿಲ್ಲ” ಎಂದರು.

ಅಂದು ಅವರು ಹೇಳಿದುದನ್ನೂ, ಅನಂತರ ಗ್ರಂಥಗಳನ್ನು ನೋಡಿ ನಾನು ತಿಳಿದುಕೊಂಡುದನ್ನೂ, ಅಧಿಕರಣದ ಕ್ರಮದಲ್ಲಿಯೇ ಇಲ್ಲಿ ಸಂಗ್ರಹಿಸಲು ಯತ್ನಿಸಿದ್ದೇನೆ.

ವಿಷಯ

ಬ್ರಹ್ಮಸೂತ್ರಗಳ ಆರಂಭದ ಕ್ರಮವನ್ನು ಮೊದಲು ಗಮನಿಸಬೇಕು. ಮೊದಲನೆಯ ಸೂತ್ರವು ಬ್ರಹ್ಮವಿಚಾರವನ್ನು ಮಾಡಬೇಕೆಂದು ವಿಧಿಸುತ್ತದೆ. ಆ ಬ್ರಹ್ಮನ ಲಕ್ಷಣವೇನು ಎಂಬ ಆಕಾಂಕ್ಷೆಗೆ ಎರಡನೆಯ ಸೂತ್ರವು, ಜಗತ್ತಿನ ಸೃಷ್ಟ್ಯಾದಿಗಳಿಗೆ ಯಾರು ಕಾರಣನೋ ಅವನೇ ಎಂದು ಹೇಳುತ್ತದೆ. ಇಲ್ಲಿ ಓದುಗನು, “ತಿಳಿಯಿತು, ಕಾರ್ಯದಿಂದ ಕಾರಣವನ್ನು ಊಹಿಸಬೇಕು, ಜಗತ್ತನ್ನು ನೋಡಿ ಜಗತ್ಕರ್ತೃವನ್ನು ಅನುಮಾನಿಸಬೇಕು” ಎಂದುಕೊಳ್ಳುವ ಸಂಭವವಿದೆ. ಹಾಗೆ ಅಂದುಕೊಳ್ಳುವಷ್ಟರಲ್ಲಿಯೇ ಮೂರನೆಯ ಸೂತ್ರವು ಅವನನ್ನು ತಡೆಯುತ್ತದೆ. ಬ್ರಹ್ಮನನ್ನು ತಿಳಿಸುವ ಪ್ರಮಾಣವು ಶಾಸ್ತ್ರವು, ಅನುಮಾನವಲ್ಲ. ನಾಲ್ಕನೆಯ ಸೂತ್ರವು ಆ ಶಾಸ್ತ್ರದ ತಾತ್ಪರ್ಯವನ್ನು ಸಮನ್ವಯದಿಂದ ನಿರ್ಣಯಿಸಬೇಕೆಂದು ತಿಳಿಸುತ್ತದೆ. ನಮ್ಮ ಪ್ರಕೃತ ಪ್ರಶ್ನೆಯು ಮೂರನೆಯ ಸೂತ್ರಕ್ಕೆ ಸೇರಿದುದು.

ಸಂಶಯ

ಜಗತ್ಕರ್ತೃವಾದ ಪರಮಾತ್ಮನು ಸ್ವತಂತ್ರವಾದ ಅನುಮಾನದಿಂದ ಸಿದ್ಧನಾಗುತ್ತಾನೆಯೇ, ಅಥವಾ ಸದಾಗಮದಿಂದ ಮಾತ್ರ ತಿಳಿಯಲ್ಪಡುತ್ತಾನೆಯೇ?

ಪೂರ್ವಪಕ್ಷ

ಅನುಮಾನದಿಂದಲೇ ಸಿದ್ಧನಾಗುತ್ತಾನೆ ಎಂದು ನೈಯಾಯಿಕರು ಹೇಳುತ್ತಾರೆ. ಇವರಲ್ಲಿ ಅಗ್ರಗಣ್ಯನು ಮಿಥಿಲೆಯ ಉದಯನಾಚಾರ್ಯನು. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಆತನು ರಚಿಸಿದ ‘ನ್ಯಾಯಕುಸುಮಾಂಜಲಿ’ಯು ಐದು ಸ್ತಬಕಗಳ ಗ್ರಂಥ. ಈಶ್ವರನನ್ನು ನಿರಾಕರಿಸುವ ವಾದಗಳನ್ನೆಲ್ಲ ಪರಿಹರಿಸಿ, ಐದನೆಯ ಸ್ತಬಕದಲ್ಲಿ ಆತನು ಈಶ್ವರಸಾಧಕವಾದ ಹೇತುಗಳನ್ನು ಸಾಲಾಗಿ ಕೊಡುತ್ತಾನೆ. ಪೃಥಿವ್ಯಾದಿಗಳು ಕಾರ್ಯಗಳಾಗಿರುವುದರಿಂದ ಅವುಗಳಿಗೆ ಕರ್ತೃವಿರಬೇಕು. ಸೃಷ್ಟಿಯ ಆದಿಯಲ್ಲಿ ಜಡವಾದ ಪರಮಾಣುಗಳನ್ನು ಚೇತನನೊಬ್ಬನು ಕೂಡಿಸಬೇಕು. ಈ ಬ್ರಹ್ಮಾಂಡವು ಬೀಳದಂತೆ ಒಬ್ಬನು ಧರಿಸಿರಬೇಕು. ನೇಯ್ಗೆ ಮೊದಲಾದ ಕಲೆಗಳನ್ನು ಮೊಟ್ಟಮೊದಲು ಒಬ್ಬನು ಕಲಿಸಿರಬೇಕು. ವೇದಜನ್ಯವಾದ ಜ್ಞಾನವು ಯಥಾರ್ಥವಾಗಿರಬೇಕಾದರೆ ಅದರ ವಕ್ತೃವು ಆಪ್ತನಾಗಿರಬೇಕು ಎಂದು ಮುಂತಾಗಿ.

ಇವುಗಳಲ್ಲಿ ಮುಖ್ಯವಾದುದು ಮೊದಲನೆಯದು. ಪಂಚಾವಯವದಲ್ಲಿ ಹೇಳುವುದಾದರೆ: ಭೂಮಿ ಮುಂತಾದವು ಕರ್ತೃವುಳ್ಳವು (ಪ್ರತಿಜ್ಞೆ), ಕಾರ್ಯಗಳಾಗಿರುವುದರಿಂದ (ಹೇತು), ಯಾವುದು ಕಾರ್ಯವೋ ಅದು ಕರ್ತೃವುಳ್ಳದ್ದು, ಮಡಕೆಯಂತೆ (ಉದಾಹರಣ), ಇವೂ ಅಂತಹ ಕಾರ್ಯಗಳು (ಉಪನಯ), ಆದುದರಿಂದ ಇವೂ ಕರ್ತೃವುಳ್ಳವು (ನಿಗಮನ). ಆ ಕರ್ತೃವು ನಮ್ಮಂಥವನಾಗಲಾರನು. ಪರಮಾಣುಗಳನ್ನೂ ಸಕಲ ಜೀವರ ಅದೃಷ್ಟವನ್ನೂ ಕಂಡವನಾಗಿರಬೇಕು. ಆದುದರಿಂದ ಸರ್ವಜ್ಞನು, ಆದುದರಿಂದ ಈಶ್ವರನು.

ಉದಯನನು ಇಷ್ಟು ಶ್ರಮವನ್ನೇಕೆ ಪಟ್ಟನು ಎಂಬುದನ್ನು ಗಮನಿಸಿದರೆ ಸಿದ್ಧಾಂತವು ಸುಲಭವಾಗಿ ತಿಳಿಯುತ್ತದೆ. ನೈಯಾಯಿಕರ ಮತದಲ್ಲಿ ವೇದವು ಈಶ್ವರನ ಕೃತಿ. ಮಾತಿನ ಪ್ರಾಮಾಣ್ಯವು ಹೇಳಿದವನ ಗುಣದಿಂದ ಬರುವಂಥದು. ಹೀಗಿರಲು, ವೇದವು ಹೇಳುವುದರಿಂದ ಈಶ್ವರನಿದ್ದಾನೆ, ಈಶ್ವರನು ಹೇಳಿದುದರಿಂದ ವೇದವು ಪ್ರಮಾಣ ಎಂದರೆ ಅನ್ಯೋನ್ಯಾಶ್ರಯದೋಷವಾಗುತ್ತದೆ. ಒಂದು ದೋಣಿಯನ್ನು ಇನ್ನೊಂದು ದೋಣಿಗೆ ಕಟ್ಟಿ, ಎರಡೂ ಭದ್ರವಾಗಿವೆ ಎಂದಂತೆ. ಆದುದರಿಂದ ವೇದವನ್ನು ಬಿಟ್ಟು ಹೊರಗಿನಿಂದ, ಅನುಮಾನದಿಂದಲೇ, ಈಶ್ವರನನ್ನು ಮೊದಲು ಸಾಧಿಸುವುದು ಅವರಿಗೆ ಅನಿವಾರ್ಯವಾಯಿತು.

ಸಿದ್ಧಾಂತ

ಈ ಅನುಮಾನವು ಪರಮಾತ್ಮನವರೆಗೆ ಮುಟ್ಟುವುದಿಲ್ಲ ಎಂಬುದು ವೇದಾಂತಿಗಳ ನಿರ್ಣಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ದೃಷ್ಟಾಂತವು ತನ್ನ ಗುಣದೊಡನೆ ದೋಷವನ್ನೂ ತರುತ್ತದೆ. ಮಡಕೆಯಲ್ಲಿ ಕರ್ತೃವಿದ್ದಾನೆಂದು ಕಂಡಂತೆ, ಆ ಕರ್ತೃವಿಗೆ ಶರೀರವಿದೆ, ಶ್ರಮವಿದೆ, ಅಲ್ಪಜ್ಞತೆಯಿದೆ, ಕೂಲಿಯ ಆಸೆಯಿದೆ ಎಂಬುದನ್ನೂ ಕಂಡಿದ್ದೇವೆ. ಕಂಡದ್ದರಲ್ಲಿ ಬೇಕಾದುದನ್ನು ಆರಿಸಿಕೊಂಡು ಬೇಡವಾದುದನ್ನು ಬಿಡುವುದಕ್ಕೆ ಕೇವಲ ಅನುಮಾನವು ಅನುಮತಿ ಕೊಡುವುದಿಲ್ಲ. ಒಬ್ಬನು ಇದೇ ದೃಷ್ಟಾಂತದಿಂದ ಜಗತ್ಕರ್ತೃವು ಶರೀರಿಯೂ ದುಃಖಿಯೂ ಆಗಿರಬೇಕೆಂದು ಸಾಧಿಸಬಹುದು. ಮತ್ತೊಬ್ಬನು, ಶರೀರವಿಲ್ಲದವನು ಏನನ್ನೂ ಮಾಡುವುದನ್ನು ಕಾಣೆವು, ಆದುದರಿಂದ ಕರ್ತೃವೇ ಇಲ್ಲ ಎಂದು ಸಾಧಿಸಬಹುದು. ಮೀಮಾಂಸಕನಾದ ಕುಮಾರಿಲಭಟ್ಟನು ಎತ್ತಿದ ಆಕ್ಷೇಪಗಳು ಈ ಜಾತಿಯವೇ. ಆಗಮದ ಆಸರೆಯಿಲ್ಲದ ಯುಕ್ತಿಗೆ ನಿಯಮವಿಲ್ಲ, ಅದು ಎತ್ತ ಬೇಕಾದರೂ ತಿರುಗಬಲ್ಲದು ಎಂದು ಶ್ರೀಮದಾಚಾರ್ಯರು ಸೂತ್ರಭಾಷ್ಯದಲ್ಲಿ ಹೇಳಿದುದರ ಅಭಿಪ್ರಾಯವಿದು. ಶ್ರೀವ್ಯಾಸರಾಜರು ತರ್ಕತಾಂಡವದ ಈಶ್ವರವಾದದಲ್ಲಿ ನೈಯಾಯಿಕರ ಪರಿಭಾಷೆಯಲ್ಲಿಯೇ ಇದನ್ನು ವಿಸ್ತರವಾಗಿ ಪರೀಕ್ಷಿಸಿದ್ದಾರೆ.

ಎರಡನೆಯದು, ವ್ಯಾಪ್ತಿಯೇ ಸಂದಿಗ್ಧವಾಗಿದೆ. “ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ” ಎನ್ನಲಾಗದು. ಹಸಿ ಸೌದೆಯಿದ್ದಲ್ಲಿ ಮಾತ್ರ ಹೊಗೆ. ಈ ಹಸಿ ಸೌದೆಗೆ ತರ್ಕದಲ್ಲಿ ‘ಉಪಾಧಿ’ ಎಂದು ಹೆಸರು. ಹಾಗೆಯೇ “ಎಲ್ಲಿ ಕಾರ್ಯವೋ ಅಲ್ಲಿ ಕರ್ತೃ” ಎಂಬಲ್ಲಿಯೂ, ಶರೀರವುಳ್ಳವನಿಂದ ಹುಟ್ಟಿದ ಕಾರ್ಯಕ್ಕೆ ಮಾತ್ರ ಕರ್ತೃವನ್ನು ಕಂಡಿದ್ದೇವಲ್ಲದೆ ಎಲ್ಲ ಕಾರ್ಯಕ್ಕೂ ಕಂಡಿಲ್ಲ ಎಂದು ಪ್ರತಿವಾದಿಯು ಹೇಳಬಲ್ಲನು. ಬೌದ್ಧನಾದ ಧರ್ಮಕೀರ್ತಿಯು ಇದಕ್ಕೆ ಹುತ್ತವನ್ನು ತೋರಿಸಿದನು. ಹುತ್ತವೂ ಮಣ್ಣಿನದೇ, ಅದಕ್ಕೂ ಆಕಾರವಿದೆ. ಆದರೆ ಅದನ್ನು ನೋಡಿ ಕುಂಬಾರನನ್ನು ಯಾರೂ ಹುಡುಕುವುದಿಲ್ಲ. ನೈಯಾಯಿಕರು ಇವಕ್ಕೆಲ್ಲ ಉತ್ತರ ಹೇಳದೆ ಇಲ್ಲ. ಕರ್ತೃವಿಲ್ಲದೆ ಕಾರ್ಯವಾಗುವುದಾದರೆ ಕಾರ್ಯಕಾರಣಭಾವವೇ ಕೆಡುವುದೆಂದು ಅವರ ತರ್ಕ. ಆದರೆ ಉತ್ತರಕ್ಕೆ ಪ್ರತ್ಯುತ್ತರ, ಅದಕ್ಕೆ ಮತ್ತೊಂದು ಎಂದು ಬೆಳೆಯುತ್ತಲೇ ಹೋಗುವ ಈ ವಾದದ ತುದಿಯಲ್ಲಿ ನಮ್ಮ ನಿತ್ಯದ ಪೂಜೆಯನ್ನು ಕಟ್ಟಿ ತೂಗಹಾಕಲಾದೀತೇ?

ಮೂರನೆಯದು, ಅನುಮಾನವು ನಿಂತರೂ ಅದು ತಿಳಿಸುವುದು ಬಹಳ ಸ್ವಲ್ಪ. ನಮ್ಮೂರಿನ ತೇರನ್ನು ನೋಡಿ, ಇದನ್ನು ಮಾಡಿದವರಿದ್ದಾರೆ ಎಂದು ಊಹಿಸಬಹುದು. ಆದರೆ ಒಬ್ಬನೇ ಮಾಡಿದನೆಂದು ಹೇಳಲಾದೀತೇ? ಗಾಲಿ ಕಡೆದವನು ಒಬ್ಬ, ಪಟ್ಟಿ ಬಡಿದ ಕಮ್ಮಾರನು ಒಬ್ಬ, ಬೊಂಬೆ ಕೆತ್ತಿದವನು ಮತ್ತೊಬ್ಬ; ಅಚ್ಚು ಅಜ್ಜನ ಕಾಲದ್ದು, ಗಾಲಿ ನಿನ್ನೆಯದು. ಜಗತ್ತೆಲ್ಲವನ್ನೂ ಒಬ್ಬನೇ, ಒಂದೇ ಕಾಲದಲ್ಲಿ ಮಾಡಿದನೆಂಬುದಕ್ಕೆ ಅನುಮಾನದಲ್ಲಿ ಏನು ಆಧಾರವೆಂದು ಶ್ರೀರಾಮಾನುಜಾಚಾರ್ಯರೂ ಶ್ರೀಭಾಷ್ಯದ ಇದೇ ಅಧಿಕರಣದಲ್ಲಿ ಕೇಳಿದ್ದಾರೆ. ಎಷ್ಟೋ ವಿಷಯಗಳಲ್ಲಿ ಭಿನ್ನಾಭಿಪ್ರಾಯವುಳ್ಳ ಎರಡು ವೈಷ್ಣವ ಸಂಪ್ರದಾಯಗಳು ಇಲ್ಲಿ ಒಂದೇ ಮಾತನ್ನಾಡುತ್ತವೆ. ನಡುರಾತ್ರಿ ಅಡಿಗೆಮನೆಯಲ್ಲಿ ಪಾತ್ರೆ ಸದ್ದಾದರೆ ಏನೋ ಇದೆ ಎಂಬಷ್ಟನ್ನು ಊಹಿಸುತ್ತೇವೆ. ಅಜ್ಜಿಯೋ, ಬೆಕ್ಕೋ, ಕಳ್ಳನೋ ಎಂಬುದನ್ನು ಆ ಸದ್ದು ಹೇಳದು. ‘ಏನೋ ಒಂದು ಕಾರಣ’ ಎಂಬಲ್ಲಿಂದ, ಅನಂತಕಲ್ಯಾಣಗುಣಪೂರ್ಣನೂ, ನಿರ್ದೋಷನೂ, ಆನಂದಮಯನೂ ಆದ ಶ್ರೀಮನ್ನಾರಾಯಣನವರೆಗೆ ಅನುಮಾನದ ಸೇತುವೆಯಿಲ್ಲ. ನಾವು ಆರಾಧಿಸುವುದು ಆ ನಾರಾಯಣನನ್ನು, ‘ಏನೋ ಒಂದು ಕಾರಣ’ವನ್ನಲ್ಲ.

ನಾಲ್ಕನೆಯದು, ಶಾಸ್ತ್ರದ ಸಾರ್ಥಕ್ಯ. ತಾತ್ಪರ್ಯವನ್ನು ನಿರ್ಣಯಿಸುವ ಆರು ಲಿಂಗಗಳಲ್ಲಿ ‘ಅಪೂರ್ವತೆ’ಯೂ ಒಂದು, ಎಂದರೆ, ಬೇರೆ ಪ್ರಮಾಣದಿಂದ ತಿಳಿಯದುದನ್ನು ತಿಳಿಸುವಿಕೆ. ಬೆಂಕಿ ಸುಡುತ್ತದೆ ಎಂದು ತಿಳಿಸಲು ವೇದವು ಬೇಕಾಗಿಲ್ಲ. ಭಗವಂತನೂ ಅನುಮಾನದಿಂದಲೇ ತಿಳಿಯುವವನಾದರೆ ಉಪನಿಷತ್ತುಗಳು ತಿಳಿದುದನ್ನೇ ಮತ್ತೆ ಹೇಳಿದಂತಾಗುವುದು.

ಪಾಶ್ಚಾತ್ಯರಲ್ಲಿಯೂ ಈ ಕಥೆ ಇದೇ ದಾರಿಯಲ್ಲಿ ನಡೆದಿರುವುದು ಗಮನಾರ್ಹ. ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸನು (ಮರಣ 1274) ಶ್ರೀಮದಾಚಾರ್ಯರ ಸಮಕಾಲೀನನು. ಚಲನೆ, ಕಾರಣ ಮುಂತಾದುವುಗಳಿಂದ ದೇವರನ್ನು ಸಾಧಿಸುವ ಐದು ಮಾರ್ಗಗಳನ್ನು ಆತನು ಹೇಳಿದನು. ಆದರೂ ತಮ್ಮ ಮತದ ಕೆಲವು ಮುಖ್ಯ ತತ್ತ್ವಗಳು ಯುಕ್ತಿಗೆ ನಿಲುಕದೆ ಧರ್ಮಗ್ರಂಥದಿಂದಲೇ ತಿಳಿಯತಕ್ಕವೆಂದು ಒಪ್ಪಿದನು. 1779ರಲ್ಲಿ ಪ್ರಕಟವಾದ ಡೇವಿಡ್ ಹ್ಯೂಮನ ಸಂವಾದಗ್ರಂಥದಲ್ಲಿ, ಮನೆಯನ್ನು ಅನೇಕರು ಸೇರಿ ಕಟ್ಟುವಂತೆ ಜಗತ್ತನ್ನೂ ಅನೇಕ ದೇವತೆಗಳು ಕಟ್ಟಿರಬಾರದೇಕೆ ಎಂಬ ಪ್ರಶ್ನೆಯು ಬರುತ್ತದೆ. ಶ್ರೀಭಾಷ್ಯದಲ್ಲಿ ಅದು ಶತಮಾನಗಳ ಮೊದಲೇ ಬಂದಿತ್ತು. 1781ರಲ್ಲಿ ಕಾಂಟನು ಕೇವಲ ಬುದ್ಧಿಯಿಂದ ದೇವರ ಇರವನ್ನು ಸಾಧಿಸಲಾಗದೆಂದು ವಾದಿಸಿದನು. ನನ್ನ ಸೋದರಳಿಯನು ಪ್ರವಚನದಲ್ಲಿ ಕೇಳಿದ ಗಡಿಯಾರದ ದೃಷ್ಟಾಂತವು 1802ರಲ್ಲಿ ವಿಲಿಯಂ ಪೇಲಿಯು ಬರೆದ ಪುಸ್ತಕದಿಂದ ಪ್ರಸಿದ್ಧವಾದುದು. 1859ರಲ್ಲಿ ಡಾರ್ವಿನ್ನನು ಪ್ರಾಣಿಗಳ ಅಂಗರಚನೆಗೆ ಬೇರೊಂದು ವಿವರಣೆಯನ್ನು ಕೊಟ್ಟಾಗ, ಆ ಗಡಿಯಾರವನ್ನೇ ನಂಬಿದ್ದವರ ಶ್ರದ್ಧೆಯು ಅಲುಗಿತು. ನಮ್ಮ ಆಚಾರ್ಯರು ಎಂದೂ ಒರಗದಿದ್ದ ಕಂಬಕ್ಕೆ ನಾವೇ ಹೋಗಿ ಒರಗಿ, ಅದು ಬಿದ್ದಾಗ ಮನೆಯೇ ಬಿತ್ತೆಂದು ಹೆದರುವುದು ತರವಲ್ಲ.

ಹಾಗಾದರೆ ಆಗಮಕ್ಕೆ ಪ್ರಾಮಾಣ್ಯವೆಲ್ಲಿಂದ?

ನೈಯಾಯಿಕರಿಗೆ ಬಂದ ಅನ್ಯೋನ್ಯಾಶ್ರಯವು ನಮಗೂ ಬರುವುದಿಲ್ಲವೇ ಎಂದು ಕೇಳಬಹುದು. ಬರುವುದಿಲ್ಲ. ನಮ್ಮ ಸಿದ್ಧಾಂತದಲ್ಲಿ ವೇದವು ಅಪೌರುಷೇಯ. ಅದು ಯಾರ ರಚನೆಯೂ ಅಲ್ಲ. ಭಗವಂತನ ರಚನೆಯೂ ಅಲ್ಲ. ಆತನು ಅದನ್ನು ಪ್ರತಿಕಲ್ಪದಲ್ಲಿಯೂ ಇದ್ದಂತೆಯೇ ಉಪದೇಶಿಸುವವನು. ಋಷಿಗಳು ಅದರ ದ್ರಷ್ಟಾರರು. ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವಾದುದು, ದೋಷವು ಕಂಡಲ್ಲಿ ಮಾತ್ರ ಅದು ತಪ್ಪುತ್ತದೆ. ಮಾತು ಸುಳ್ಳಾಗುವುದು ಆಡಿದವನ ಭ್ರಾಂತಿ, ಅಜಾಗರೂಕತೆ, ವಂಚನೆ ಮುಂತಾದ ದೋಷಗಳಿಂದ. ಕರ್ತೃವೇ ಇಲ್ಲದ ವಾಕ್ಯದಲ್ಲಿ ಈ ದೋಷಗಳಿಗೆ ನೆಲೆಯಿಲ್ಲ. ಆದುದರಿಂದ ವೇದದ ಪ್ರಾಮಾಣ್ಯಕ್ಕಾಗಿ ಈಶ್ವರನನ್ನು ಮೊದಲು ಸಾಧಿಸಬೇಕಾದ ಅಗತ್ಯವೇ ನಮಗಿಲ್ಲ. ಉದಯನನಿಗೆ ಅನಿವಾರ್ಯವಾಗಿದ್ದ ಹೊರೆಯು ನಮ್ಮ ಹೆಗಲ ಮೇಲಿಲ್ಲ.

ಇದರಿಂದ ಇನ್ನೊಂದು ಲಾಭವುಂಟು. ಕುಂಬಾರನ ದೃಷ್ಟಾಂತದಿಂದ ಬಂದ ಆಕ್ಷೇಪಗಳು ಆ ದೃಷ್ಟಾಂತದೊಡನೆಯೇ ಹೋಗುತ್ತವೆ. ಭಗವಂತನು ಕರ್ತೃವೆಂದು ಯಾವ ಶಾಸ್ತ್ರವು ಹೇಳುವುದೋ ಅದೇ ಶಾಸ್ತ್ರವು ಅವನಿಗೆ ಪ್ರಾಕೃತಶರೀರವಿಲ್ಲ, ಶ್ರಮವಿಲ್ಲ, ಆಸೆಯಿಲ್ಲ, ಸೃಷ್ಟಿಯು ಅವನಿಗೆ ಲೀಲೆ ಎಂದೂ ಹೇಳುತ್ತದೆ. ಒಂದೇ ಬಾಯಿಂದ ಬಂದ ಎರಡು ಮಾತುಗಳಲ್ಲಿ ಒಂದನ್ನು ಕೇಳಿ ಇನ್ನೊಂದನ್ನು ತಳ್ಳುವುದಕ್ಕೆ ಕಾರಣವಿಲ್ಲ.

ಯುಕ್ತಿಯ ಸ್ಥಾನ

ಇಷ್ಟರಿಂದ, ವಿಚಾರ ಮಾಡಬೇಡ, ನಂಬು ಎಂದು ಹೇಳಿದಂತಾಯಿತೆಂದು ಯಾರೂ ತಿಳಿಯಬಾರದು. ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರನ್ನೂ ಆಚಾರ್ಯರು ಪ್ರಮಾಣವೆಂದೇ ಒಪ್ಪಿದ್ದಾರೆ. ತಾತ್ಪರ್ಯಲಿಂಗಗಳಲ್ಲಿ ಕೊನೆಯದು ‘ಉಪಪತ್ತಿ’, ಎಂದರೆ ಯುಕ್ತಿಯೇ. ಶ್ರವಣದ ಬಳಿಕ ಮನನವು ವಿಹಿತವಾಗಿದೆ. ಮನನವಿಲ್ಲದೆ ನಿದಿಧ್ಯಾಸನವಿಲ್ಲ, ಅದಿಲ್ಲದೆ ಅಪರೋಕ್ಷಜ್ಞಾನವಿಲ್ಲ. ಶ್ರೀಜಯತೀರ್ಥರ ನ್ಯಾಯಸುಧೆಯನ್ನು ಒಂದು ಪುಟ ಓದಿದವರೂ, ನಮ್ಮದು ಯುಕ್ತಿಗೆ ಹೆದರುವ ಸಂಪ್ರದಾಯವೆಂದು ಹೇಳಲಾರರು. ಭೇದವಿಷ್ಟೆ: ತೇರಿಗೆ ಹಗ್ಗವೂ ಬೇಕು, ಗಾಲಿಯೂ ಬೇಕು, ಆದರೆ ಹಗ್ಗವು ಗಾಲಿಯ ಕೆಲಸವನ್ನು ಮಾಡಲಾರದು. ಆಗಮವು ತೋರಿಸಿದ ವಸ್ತುವಿನಲ್ಲಿ ಬುದ್ಧಿಯನ್ನು ದೃಢಗೊಳಿಸುವುದು, ವಿರೋಧವನ್ನು ಪರಿಹರಿಸುವುದು, ವಾಕ್ಯದ ಅರ್ಥವನ್ನು ನಿರ್ಣಯಿಸುವುದು ಯುಕ್ತಿಯ ಕೆಲಸ. ಆಗಮವಿಲ್ಲದೆ ತಾನೊಂದೇ ಭಗವಂತನನ್ನು ಹಿಡಿದು ತರುವುದು ಅದರ ಕೆಲಸವಲ್ಲ.

ವೇದವನ್ನೇ ಒಪ್ಪದವನಿಗೆ ಏನು ಹೇಳಬೇಕು?

ಇದು ನಿಜವಾಗಿಯೂ ಕಠಿಣವಾದ ಪ್ರಶ್ನೆ. ಇದನ್ನು ದಾಟಿಸಿ ಹೋಗುವುದು ಪ್ರಾಮಾಣಿಕತೆಯಲ್ಲ. ಶ್ರೀಮದಾಚಾರ್ಯರು ವಿಷ್ಣುತತ್ತ್ವವಿನಿರ್ಣಯದಲ್ಲಿ ಇಲ್ಲಿಂದಲೇ ವಿಚಾರವನ್ನು ಹೂಡುತ್ತಾರೆ. ಧರ್ಮವೆಂಬುದೊಂದಿದೆ, ಅಧರ್ಮವೆಂಬುದೊಂದಿದೆ ಎಂದು ಒಪ್ಪುವವನು ಅದನ್ನು ಯಾವ ಪ್ರಮಾಣದಿಂದ ತಿಳಿದನು? ಕಣ್ಣಿಗೆ ಅದು ಕಾಣದು. ಅನುಮಾನವು ಎತ್ತಲೂ ತಿರುಗಬಲ್ಲದು. ಪುರುಷನೊಬ್ಬನ ಮಾತೆಂದರೆ, ಅವನಿಗೆ ಭ್ರಾಂತಿಯಿಲ್ಲವೆಂದೂ ವಂಚನೆಯಿಲ್ಲವೆಂದೂ ತಿಳಿಯುವುದು ಹೇಗೆ? ಆದುದರಿಂದ ಧರ್ಮವನ್ನು ಒಪ್ಪುವವನು ಅಪೌರುಷೇಯವಾಕ್ಯವೊಂದನ್ನು ಒಪ್ಪಬೇಕಾಗುತ್ತದೆ. ಧರ್ಮವೇ ಇಲ್ಲವೆನ್ನುವವನಿಗೆ, ಅವನ ಮತದಿಂದ ಲೋಕಕ್ಕೆ ಆಗುವ ಉಪಕಾರವೇನು ಎಂದು ಕೇಳಬೇಕು.

ಈ ವಾದವು ನನ್ನ ಹಾಸ್ಟೆಲಿನ ಸ್ನೇಹಿತನನ್ನು ಒಪ್ಪಿಸುತ್ತಿತ್ತೇ? ತಿಳಿಯದು. ಅಪೌರುಷೇಯತ್ವವನ್ನು ಅವನು ಪ್ರಶ್ನಿಸಬಹುದಾಗಿತ್ತು, ಆಗ ವಿಚಾರವು ಮುಂದುವರಿಯುತ್ತಿತ್ತು. ಆದರೆ ಇದು ಕುಂಬಾರನ ಮಾತಿನಂತೆ ಒಂದು ಪ್ರಶ್ನೆಗೆ ಒಡೆದುಹೋಗುವ ವಾದವಲ್ಲ. ಅದಕ್ಕಿಂತ ಮಿಗಿಲಾಗಿ, ನಮ್ಮದಲ್ಲದ ವಾದವನ್ನು ನಮ್ಮದೆಂದು ಹೇಳಿಕೊಂಡು ಸೋಲುವ ಅವಮಾನವು ಇಲ್ಲಿಲ್ಲ.

ಪ್ರಯೋಜನ

ಮಕ್ಕಳಿಗೆ ಹೇಳುವವರು, ಪ್ರವಚನಕಾರರು, ನನ್ನಂತೆ ಬರೆಯುವವರು ಈ ಒಂದು ಎಚ್ಚರಿಕೆಯನ್ನು ವಹಿಸಬೇಕೆಂದು ಪ್ರಾರ್ಥನೆ. ಗಡಿಯಾರ, ಮಡಕೆಗಳ ಕಥೆಯನ್ನು ಭಕ್ತಿಯು ಬೆಳೆಯಲೆಂದು ಹೇಳಿದರೆ ತಪ್ಪಿಲ್ಲ; ಬೆಟ್ಟವನ್ನೂ ಕಡಲನ್ನೂ ಕಂಡು ಭಗವಂತನ ಮಹಿಮೆಯನ್ನು ಸ್ಮರಿಸುವುದು ಆಸ್ತಿಕನ ಸ್ವಭಾವವೇ. ಆದರೆ ಅದೇ ದೇವರಿಗೆ ಸಾಕ್ಷ್ಯವೆಂದು ಮಕ್ಕಳ ಕೈಗೆ ಕೊಟ್ಟು ಕಳುಹಿಸಬಾರದು. ಅದು ಒಡೆದ ದಿನ ಅವರು ಒಡೆದುದು ಮಡಕೆಯೆಂದು ತಿಳಿಯದೆ, ದೇವರೇ ಎಂದು ತಿಳಿಯುತ್ತಾರೆ. ನಾನು ಕೆಲವು ತಿಂಗಳು ಹಾಗೆ ತಿಳಿದಿದ್ದವನು.

ಉದಯನಾಚಾರ್ಯನ ವಿಷಯದಲ್ಲಿಯೂ ಒಂದು ಮಾತನ್ನು ಹೇಳಲೇಬೇಕು. ಆತನು ತನ್ನ ಈ ನ್ಯಾಯಚರ್ಚೆಯು ಶ್ರವಣದ ಬಳಿಕ ಬರುವ ಮನನ, ಎಂದರೆ ಒಂದು ಉಪಾಸನೆಯೇ, ಎಂದು ಗ್ರಂಥದ ಆದಿಯಲ್ಲಿಯೇ ಹೇಳಿಕೊಂಡಿದ್ದಾನೆ. ಕೊನೆಯಲ್ಲಿ, ಇಷ್ಟು ಯುಕ್ತಿಜಲದಿಂದ ತೊಳೆದರೂ ಯಾರ ಹೃದಯದಲ್ಲಿ ನೀನು ನೆಲೆಗೊಳ್ಳುವುದಿಲ್ಲವೋ, ಅವರೂ ನಿನ್ನನ್ನು ನಿರಾಕರಿಸುವ ನೆಪದಿಂದ ನಿನ್ನನ್ನೇ ಚಿಂತಿಸುತ್ತಿರುವರು, ಕಾಲಾಂತರದಲ್ಲಿ ಅವರನ್ನೂ ಕೃಪೆಯಿಂದ ನೋಡು ಎಂಬ ಅರ್ಥದಲ್ಲಿ ಪ್ರಾರ್ಥಿಸುತ್ತಾನೆ. ಗ್ರಂಥಕ್ಕೆ ‘ಕುಸುಮಾಂಜಲಿ’ ಎಂದು ಹೆಸರಿಟ್ಟುದು ಸಾರ್ಥಕವೇ. ಹೂವಿನಿಂದ ದೇವರನ್ನು ಅರ್ಚಿಸಬಹುದು. ಹೂವಿನಿಂದ ಗುಡಿಯ ಅಡಿಪಾಯ ಹಾಕಲಾಗದು.

ಸೋದರಳಿಯನಿಗೆ ಅಂದು ಜಗಲಿಯಲ್ಲಿ ಇಷ್ಟೆಲ್ಲ ಹೇಳಲು ಸಮಯವಿರಲಿಲ್ಲ. “ನಿನ್ನ ಸ್ನೇಹಿತರು ಕೇಳುವುದು ಸರಿಯಾಗಿಯೇ ಇದೆ. ಆ ವಾದ ನಮ್ಮದಲ್ಲ. ನಮ್ಮದು ಯಾವುದೆಂದು ತಿಳಿಯಬೇಕಾದರೆ ರಜೆಯಲ್ಲಿ ಬಂದು ಹದಿನೈದು ದಿನ ನನ್ನ ಜೊತೆ ಕುಳಿತುಕೊ” ಎಂದೆನು. ಅವನು ನಕ್ಕು, “ಬರುತ್ತೇನೆ ಮಾಮ, ಆದರೆ ನಾನು ಪ್ರಶ್ನೆ ಕೇಳುವವನು” ಎಂದನು. ಜಿಜ್ಞಾಸೆಯನ್ನು ವಿಧಿಸಿಯೇ ಆರಂಭವಾಗುವ ಶಾಸ್ತ್ರಕ್ಕೆ ಅಂಥ ವಿದ್ಯಾರ್ಥಿಯೇ ಅಧಿಕಾರಿಯೆಂದು ನನಗೆ ತೋರಿತು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಎರಡನೆಯ ಸೂತ್ರದಿಂದ ಉಂಟಾಗಬಹುದಾದ ಯಾವ ತಪ್ಪು ತಿಳಿವಳಿಕೆಯನ್ನು ಮೂರನೆಯ ಸೂತ್ರವು ತಡೆಯುತ್ತದೆ?
2. ನೈಯಾಯಿಕರಿಗೆ ಈಶ್ವರಾನುಮಾನವು ಏಕೆ ಅನಿವಾರ್ಯ? ನಮಗೆ ಏಕೆ ಅಲ್ಲ?
3. ‘ಉಪಾಧಿ’ ಎಂದರೇನು? ಹೊಗೆ ಮತ್ತು ಬೆಂಕಿಯ ದೃಷ್ಟಾಂತದಿಂದ ವಿವರಿಸಿ.
4. ಸಿದ್ಧಾಂತದಲ್ಲಿ ಯುಕ್ತಿಗೆ ಇರುವ ಕೆಲಸಗಳಾವುವು?

॥ ಶ್ರೀಕೃಷ್ಣಾರ್ಪಣಮಸ್ತು ॥